ಆತುರ ಬೇಡ ಮಾರಾಯ, ಗ್ರಾಫ್ ಎಲ್ಲಿಗೂ ಓಡುವುದಿಲ್ಲ

ನಿನ್ನ ತಲೆಯಲ್ಲಿ ಸರಕು ಉಂಟು, ಅದರಲ್ಲಿ ನನಗೆ ಸಂಶಯವಿಲ್ಲ. ಪೈಥಾನ್ ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನಾಲ್ಕು ಸಾಲು ಬರೆದರೆ ಗ್ರಾಫ್ ಬೀಳುತ್ತದೆ. ಈಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಡಿಕೆ ಧಾರಣೆಯದ್ದೋ ಮಳೆಯದ್ದೋ ಒಂದು ಪ್ರೋಗ್ರಾಮ್ ಮಾಡಿ, ವಿಂಡೋದೊಳಗೇ ಗ್ರಾಫ್ ಕೂರಿಸುತ್ತೇನೆ ಎಂದು ಹೊರಟಿದ್ದೀಯ. ಒಳ್ಳೆಯದೇ. ಪುತ್ತೂರಿನ ವಿವೇಕಾನಂದದಲ್ಲಾಗಲಿ ಸುಳ್ಯದ ಕೆವಿಜಿಯಲ್ಲಾಗಲಿ ಎಂಜಿನಿಯರಿಂಗ್ ಕಲಿಯುವ ಮಕ್ಕಳು ಊರಿನ ಲೆಕ್ಕವನ್ನೇ ಕೈಗೆತ್ತಿಕೊಂಡರೆ ನನ್ನಂಥ ಮುದುಕರಿಗೆ ಖುಷಿ. ಆದರೆ ನಿನ್ನ ಗಡಿಬಿಡಿ ನೋಡಿದರೆ ಭಯವಾಗುತ್ತದೆ. ಶುಕ್ರವಾರ ಶುರು ಮಾಡಿ ಸೋಮವಾರ ಡೆಮೊ ಕೊಡಬೇಕು ನಿನಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿರಬೇಕು. ಹುಡುಗಿಯರು ಪಕ್ಕದಲ್ಲಿ ಕೂತು ನಗುವುದು ಬೇಡ, ನಿಮ್ಮ ಅವಸರವೇನೂ ಕಡಿಮೆಯದಲ್ಲ. ಎಲ್ಲರೂ ಸ್ವಲ್ಪ ಕೂತು ಕೇಳಿ.

ಈ ಕಾಲದಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಮಾ ಎಂದು ಗೆಳೆಯರು ಕೀಟಲೆ ಮಾಡುತ್ತಾರೆ. ಮಾಡಲಿ. ಘಟ್ಟದ ಬುಡದ ಊರುಗಳಲ್ಲಿ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗುತ್ತದೆ, ಅದರ ಹಿಂದೆ ನೆಟ್ಟೂ ಹೋಗುತ್ತದೆ; ಕರೆಂಟ್ ಬಂದರೂ ನೆಟ್ ಬೇಗ ಬರುವುದಿಲ್ಲ. ಮಳೆಯ ಗ್ರಾಫ್ ಬೇಕಾಗುವುದು ಸರಿಯಾಗಿ ಆ ಹೊತ್ತಿಗೇ. ಮನೆಯ ಕಂಪ್ಯೂಟರಿನಲ್ಲೇ ಫೈಲ್ ಇದ್ದು, ಅಲ್ಲೇ ಓದಿ, ಅಲ್ಲೇ ತೋರಿಸುವ ಪ್ರೋಗ್ರಾಮಿಗೆ ಇಲ್ಲಿ ಬೆಲೆ ಉಂಟು. ಆ ವಿಷಯದಲ್ಲಿ ನಿನ್ನ ಆಯ್ಕೆ ಸರಿಯೇ.

ಮೊದಲ ಮಾತು. ಗ್ರಾಫ್ ಯಾರಿಗೆ, ಯಾವ ತೀರ್ಮಾನಕ್ಕೆ ಬೇಕು ಎಂದು ತಿಳಿಯದೆ ಕೀಬೋರ್ಡ್ ಮುಟ್ಟಬೇಡ. ಮ್ಯಾಟ್‌ಪ್ಲಾಟ್‌ಲಿಬ್ ಮಾಡಿದ ಜಾನ್ ಹಂಟರ್ ಶಿಕಾಗೋದಲ್ಲಿದ್ದ ನರವಿಜ್ಞಾನಿ. ಅವರ ಮುಂದೆ ಒಂದು ಕೆಲಸವಿತ್ತು: ಅಪಸ್ಮಾರದ ರೋಗಿಗಳ ಮೆದುಳಿನಿಂದ ಬರುವ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ನೋಡಬೇಕಿತ್ತು. ಮೊದಲು ಮ್ಯಾಟ್‌ಲ್ಯಾಬ್‌ನಲ್ಲಿ ಮಾಡಿದರು. ಪ್ರೋಗ್ರಾಮ್ ಬೆಳೆಯುತ್ತಾ ಹೋದಂತೆ ಅದು ಸಾಲದೆ ಬಂತು. ಪೈಥಾನಿಗೆ ಬಂದರು. ಅಲ್ಲಿ ತಮಗೆ ಒಗ್ಗುವ ಗ್ರಾಫ್ ಲೈಬ್ರರಿ ಸಿಗಲಿಲ್ಲ, ತಾವೇ ಬರೆದರು. 2003ರಲ್ಲಿ ಅದು ಎಲ್ಲರ ಕೈಗೆ ಬಂತು. ವಿಂಡೋದೊಳಗೆ ಕೂರಿಸಲು ಬರಬೇಕು ಎನ್ನುವುದು ಅವರು ಶುರುವಿನಲ್ಲೇ ಹಾಕಿಕೊಂಡ ಗುರಿಗಳಲ್ಲೊಂದು. ಅಂದರೆ ನೀನು ಹೊಸತೆಂದು ಹೊರಟಿರುವ ಕೆಲಸಕ್ಕಾಗಿಯೇ ಆ ಸಾಮಾನು ಹುಟ್ಟಿದ್ದು. 2012ರಲ್ಲಿ, 44ರ ವಯಸ್ಸಿಗೇ ಹಂಟರ್ ತೀರಿಕೊಂಡರು. ಅವರು ಬರೆದದ್ದು ಇವತ್ತು ನಿನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆ. ಅವರಿಗೆ ಕೆಲಸ ಮೊದಲಿತ್ತು, ಸಾಮಾನು ಆಮೇಲೆ ಬಂತು. ನೀನು ಸಾಮಾನು ಹಿಡಿದುಕೊಂಡು ಕೆಲಸ ಹುಡುಕುತ್ತಿದ್ದೀಯ.

ನಮ್ಮ ಕಡೆ ಕೆಲಸಕ್ಕೆ ಬರವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಬಿಡುತ್ತಾರೆ, 40–45 ದಿನ ಕಳೆದು ಇನ್ನೊಂದು ಸಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ನಿನಗೂ ಗೊತ್ತು. ಗೊತ್ತಿಲ್ಲದಿದ್ದರೆ ಅಪ್ಪನನ್ನು ಕೇಳು. ಎರಡನೇ ಸಲಕ್ಕೆ ಎಷ್ಟು ದಿನ ಬಾಕಿ, ನಡುವೆ ಎಷ್ಟು ಮಳೆ ಬಂತು, ಹೊಳವು ಯಾವಾಗ ಸಿಕ್ಕಿತ್ತು, ಇದನ್ನು ಒಂದೇ ನೋಟಕ್ಕೆ ತೋರಿಸುವ ಗ್ರಾಫ್ ಆಗಲಿ. ಮಳೆಗೆ ಕಂಬ, ಮದ್ದು ಬಿಟ್ಟ ದಿನಕ್ಕೆ ಒಂದು ಲಂಬ ಗೆರೆ. ಅಷ್ಟೇ ಸಾಕು. ಮೂರು ಆಯಾಮದ, ತಿರುಗುವ, ಬಣ್ಣ ಬದಲಿಸುವ ಗ್ರಾಫ್ ನೋಡಿ ಪರೀಕ್ಷಕರು ತಲೆದೂಗಬಹುದು. ತೋಟದವರಿಗೆ ಅದು ಎಂತಕ್ಕೆ?

ಇನ್ನು ಕೂರಿಸುವ ವಿಚಾರ. ಎಲ್ಲರೂ ಎಡವುವ ಕಲ್ಲು ಇದೇ. ಮ್ಯಾಟ್‌ಪ್ಲಾಟ್‌ಲಿಬ್‌ನ ಪೈಪ್ಲಾಟ್‌ನಲ್ಲಿ ಕಲಿತ ಅಭ್ಯಾಸವನ್ನು ಹಾಗೆಯೇ ಎತ್ತಿಕೊಂಡು ಬಂದು, ಬಟನ್ ಒತ್ತಿದಾಗ 'ಶೋ' ಕರೆಯುತ್ತೀಯ. ಆಗ ಗ್ರಾಫ್ ನಿನ್ನ ವಿಂಡೋದೊಳಗೆ ಬರುವುದಿಲ್ಲ, ಬೇರೆಯೇ ಒಂದು ವಿಂಡೋ ಎದ್ದು ನಿಲ್ಲುತ್ತದೆ. ಅದನ್ನು ಮುಚ್ಚುವವರೆಗೆ ಮುಂದಿನ ಸಾಲು ಓಡುವುದಿಲ್ಲ. ಯಾಕೆ ಎಂದು ಕೇಳಿದರೆ ನೀನು ಲೈಬ್ರರಿಯನ್ನು ಬೈಯುತ್ತೀಯ. ಯಕ್ಷಗಾನಕ್ಕೆ ಹೋಗಿ ಗೊತ್ತುಂಟಲ್ಲ? ರಂಗಸ್ಥಳದಲ್ಲಿ ಆಟ ನಡೆಸುವವರು ಭಾಗವತರು. ಯಾರು ಯಾವಾಗ ಪ್ರವೇಶ, ಯಾರ ಕುಣಿತ ಎಷ್ಟು, ಎಲ್ಲ ಅವರ ಜಾಗಟೆಯ ಹದ್ದುಬಸ್ತಿನಲ್ಲಿ. ವಿಂಡೋ ಮಾಡುವ ಸಾಮಾನು ಟಿಕಿಂಟರ್ ಇರಲಿ, ಕ್ಯೂಟಿ ಇರಲಿ, ವಿಂಡೋಗೂ ಹಾಗೇ ಒಬ್ಬರು ಭಾಗವತರು ಇರುತ್ತಾರೆ, ಈವೆಂಟ್ ಲೂಪ್ ಎಂದು ಹೆಸರು. ಮೌಸ್ ಒತ್ತಿದ್ದು, ಕೀ ತಟ್ಟಿದ್ದು, ವಿಂಡೋ ಎಳೆದದ್ದು, ಎಲ್ಲವನ್ನೂ ಕೇಳಿಸಿಕೊಂಡು ಒಂದೊಂದಾಗಿ ನಡೆಸುವುದು ಅದು. ನೀನು 'ಶೋ' ಕರೆದರೆ ಆಟದ ನಡುವೆ ಇನ್ನೊಬ್ಬ ಭಾಗವತರನ್ನು ಕೂರಿಸಿ ಬೇರೆ ತಾಳ ಶುರು ಮಾಡಿಸಿದ ಹಾಗೆ. ದ್ವಂದ್ವ ಭಾಗವತಿಕೆ ಇಲ್ಲವಾ ಅಜ್ಜ ಎಂದು ತರ್ಕ ಮಾಡಬೇಡ. ಅಲ್ಲಿ ಇಬ್ಬರಿದ್ದರೂ ತಾಳ ಒಂದೇ.

ಆದ್ದರಿಂದ ಕೂರಿಸುವ ಪ್ರೋಗ್ರಾಮಿನಲ್ಲಿ ಪೈಪ್ಲಾಟನ್ನು ಹೊರಗೇ ನಿಲ್ಲಿಸು. 'ಫಿಗರ್' ಎಂಬುದನ್ನು ನೇರವಾಗಿ ಮಾಡಿಕೋ. ಅದನ್ನು ಕ್ಯಾನ್ವಾಸಿಗೆ ಕೊಡು. ಟಿಕಿಂಟರ್‌ಗೆ ಒಂದು ಕ್ಯಾನ್ವಾಸ್ ಉಂಟು, ಕ್ಯೂಟಿಗೆ ಬೇರೆಯೇ ಒಂದು ಉಂಟು. ನಿನ್ನದು ಯಾವುದೋ ಅದನ್ನೇ ತೆಗೆದುಕೋ. ಕ್ಯಾನ್ವಾಸ್ ಬಟನ್‌ಗಳ ನಡುವೆ ಇನ್ನೊಂದು ವಿಜೆಟ್ ಆಗಿ ತೆಪ್ಪಗೆ ಕೂರುತ್ತದೆ. ಪೈಪ್ಲಾಟ್ ಬಿಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ತೆರೆದ ಪ್ರತಿ ಫಿಗರನ್ನೂ ನೆನಪಿಟ್ಟುಕೊಳ್ಳುತ್ತದೆ, ನೀನಾಗಿ ಮುಚ್ಚುವವರೆಗೆ ಬಿಡುವುದಿಲ್ಲ. 20 ದಾಟಿದರೆ ಎಚ್ಚರಿಕೆ ಬರೆಯುತ್ತದೆ. ಆ ಕೆಂಪು ಸಾಲನ್ನು ನೀವು ಯಾರೂ ಓದುವುದಿಲ್ಲ. ಬೆಳಿಗ್ಗೆ ತೆರೆದಿಟ್ಟ ಪ್ರೋಗ್ರಾಮ್ ಸಂಜೆ ಹೊತ್ತಿಗೆ ಮೆಮೊರಿ ಎಲ್ಲ ತಿಂದು ತೇಗುತ್ತಿರುತ್ತದೆ.

ಗ್ರಾಫ್ ಬದಲಾಗಬೇಕಾದಾಗಲೂ ನಿನ್ನದು ಅದೇ ಗಡಿಬಿಡಿ. ಒಂದು ಹೊಸ ಅಂಕಿ ಬಂದರೆ ಇಡೀ ಗ್ರಾಫ್ ಅಳಿಸಿ ಮೊದಲಿನಿಂದ ಬಿಡಿಸುತ್ತೀಯ. ಅಕ್ಷ, ಅಕ್ಷರ, ಬಣ್ಣ, ಎಲ್ಲ ಮತ್ತೆ. ಗೆರೆಯನ್ನು ಒಮ್ಮೆ ಮಾಡಿಟ್ಟುಕೋ. ಹೊಸ ಅಂಕಿ ಬಂದಾಗ 'ಸೆಟ್ ಡೇಟಾ' ಕರೆದು ಗೆರೆಗೆ ಅಂಕಿ ಮಾತ್ರ ಬದಲಿಸು. ಆಮೇಲೆ ಕ್ಯಾನ್ವಾಸಿಗೆ 'ಡ್ರಾ ಐಡಲ್' ಹೇಳು. ಪುರುಸೊತ್ತಾದಾಗ ಒಮ್ಮೆ ಬಿಡಿಸು ಎಂದು ಅದರ ಅರ್ಥ. ಹತ್ತು ಸಲ ಕೇಳಿದರೂ ಒಟ್ಟು ಮಾಡಿ ಒಮ್ಮೆ ಬಿಡಿಸುತ್ತದೆ. ನಿನಗಿಂತ ಅದಕ್ಕೆ ತಾಳ್ಮೆ ಜಾಸ್ತಿ. ಏನನ್ನೂ ಹೇಳದೆ ಬಿಟ್ಟರೆ ಗ್ರಾಫ್ ಬದಲಾಗುವುದೇ ಇಲ್ಲ. ಅದನ್ನು ಮರೆತು ರಾತ್ರಿ ಎರಡು ಗಂಟೆವರೆಗೆ ಅಂಕಿಯಲ್ಲಿ ತಪ್ಪು ಹುಡುಕಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಅನಿಮೇಶನ್ ಬಳಸುವುದಾದರೆ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೋ. ಹಿಡಿಯದಿದ್ದರೆ ಪೈಥಾನ್ ಅದನ್ನು ಕಸವೆಂದು ಗುಡಿಸಿ ಬಿಸಾಡುತ್ತದೆ, ಗ್ರಾಫ್ ಇದ್ದಲ್ಲೇ ನಿಲ್ಲುತ್ತದೆ.

ತೋಟದ ತೇವದ ಸೆನ್ಸರ್ ಓದುವ ಆಸೆ ಇದ್ದರೆ ಇದನ್ನು ಕಿವಿಯ ಹಿಂದೆ ಬರೆದಿಟ್ಟುಕೋ: ಸೆನ್ಸರಿಗೆ ಕಾಯುವ ಕೆಲಸವನ್ನು ವಿಂಡೋದ ಲೂಪಿನೊಳಗೆ ಹಾಕಬೇಡ. ಅದು ಉತ್ತರ ಕೊಡುವವರೆಗೆ ವಿಂಡೋ ಮರಗಟ್ಟಿ, 'ಪ್ರತಿಕ್ರಿಯಿಸುತ್ತಿಲ್ಲ' ಎಂದು ಬರುತ್ತದೆ. ಸಿಟ್ಟು ಬಂದು ನಾಲ್ಕು ಸಲ ಬಟನ್ ಒತ್ತಿದರೆ ನಾಲ್ಕೂ ಸಾಲಿನಲ್ಲಿ ಕಾಯುತ್ತವೆ. ಓದುವುದಕ್ಕೆ ಬೇರೆ ಥ್ರೆಡ್ ಇರಲಿ. ಆದರೆ ಆ ಥ್ರೆಡ್ ಗ್ರಾಫಿಗೆ ಕೈ ಹಾಕಕೂಡದು. ಅಂಕಿಯನ್ನು ಕ್ಯೂನಲ್ಲಿಟ್ಟು ಹೋಗಲಿ. ಕ್ಯೂಟಿಯಾದರೆ ಸಿಗ್ನಲ್ ಕೊಡಲಿ. ವಿಂಡೋದ ಟೈಮರ್ ಆಗಾಗ ಬಂದು ನೋಡಿ ಗ್ರಾಫ್ ಬದಲಿಸಲಿ. ಥ್ರೆಡ್‌ನಿಂದಲೇ ಬಿಡಿಸಿದರೂ ನನ್ನಲ್ಲಿ ಸರಿಯಾಗಿಯೇ ಓಡುತ್ತಿದೆ ಎನ್ನುತ್ತೀಯ. ಇವತ್ತು ಓಡುತ್ತದೆ. ಪರೀಕ್ಷಕರು ಬಂದ ದಿನ ಬೀಳುತ್ತದೆ, ಯಾಕೆ ಬಿತ್ತು ಎಂದು ಹೇಳುವುದಕ್ಕೂ ನಿನಗೆ ಬರುವುದಿಲ್ಲ.

ಸೆನ್ಸರಿನಿಂದ ನಿಮಿಷಕ್ಕೊಂದು ಅಂಕಿ ಬಂದರೆ ದಿನಕ್ಕೆ 1,440, ವರ್ಷಕ್ಕೆ 5,25,600. ನಿನ್ನ ವಿಂಡೋದ ಅಗಲ ಸಾವಿರ ಚಿಲ್ಲರೆ ಪಿಕ್ಸೆಲ್. ಐದು ಲಕ್ಷ ಅಂಕಿಯನ್ನು ಸಾವಿರ ಚುಕ್ಕಿಯಲ್ಲಿ ತುರುಕಿ ನಿಧಾನವಾಯಿತು ಎಂದು ಹೊಸ ಲ್ಯಾಪ್‌ಟಾಪ್ ಕೇಳುತ್ತೀಯ. ವರ್ಷದ ನೋಟಕ್ಕೆ ದಿನದ ಗರಿಷ್ಠ, ಕನಿಷ್ಠ ಸಾಕು; ಹತ್ತಿರದಿಂದ ನೋಡಬೇಕೆಂದವರಿಗೆ ಆ ದಿನವನ್ನು ಬಿಡಿಸಿ ತೋರಿಸು. ಒಂದೇ ಸಮನೆ ಓಡುವ ಗ್ರಾಫ್ ಬೇಕೇ ಬೇಕಾದರೆ ಪೈಕ್ಯೂಟಿಗ್ರಾಫ್ ಎಂಬ ಲೈಬ್ರರಿ ಉಂಟು, ವೇಗ ಅದರದ್ದು. ಮಳೆಗೂ ಧಾರಣೆಗೂ ಅಷ್ಟು ವೇಗ ಬೇಡ. ದಿನಕ್ಕೊಂದು ಅಂಕಿಗೆ ಎಂಥ ಓಟ?

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಕೂರಿಸುವುದು ಬಂದರೆ ಅರ್ಧ ಬಂತು. ಕೂತ ಗ್ರಾಫ್ ಸುಳ್ಳು ಹೇಳಬಾರದು, ಅದು ಉಳಿದರ್ಧ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅಡಿಕೆಯ ಗ್ರಾಫಿಗೂ ಅದು ಸರಿಯಾಗಿಯೇ ಹೊಂದುತ್ತದೆ.

ಮಳೆಯನ್ನು ಗೆರೆಯಲ್ಲಿ ತೋರಿಸಬೇಡ. ಸೋಮವಾರ 80 ಮಿಲಿಮೀಟರ್, ಮಂಗಳವಾರ ಏನೂ ಇಲ್ಲ, ಬುಧವಾರ 60 ಎಂದರೆ ನಡುವೆ ಇಳಿದು ಏರುವ ಗೆರೆಗೆ ಅರ್ಥವಿಲ್ಲ. ದಿನಕ್ಕೊಂದು ಕಂಬ ನಿಲ್ಲಿಸು. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಕಿಗೇ ಬರೆಯುತ್ತಾರೆ. ನಿನ್ನ ಮಾವ ಅದನ್ನು ನಿನ್ನೆಯ ತಾರೀಕಿಗೆ ಬರೆದಿಟ್ಟಿರಬಹುದು. ಎರಡೂ ಪಟ್ಟಿಯನ್ನು ಕೇಳದೆ ಕೂಡಿಸಿದರೆ ಒಂದೇ ಮಳೆ ಎರಡು ದಿನ ಬಂದ ಹಾಗೆ ಕಾಣುತ್ತದೆ. 64.5 ಮಿಲಿಮೀಟರಿನಲ್ಲಿ ಒಂದು ಅಡ್ಡ ಗೆರೆ ಎಳೆ, ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ ಅಲ್ಲಿಂದ ಶುರು. 204.4ರಲ್ಲಿ ಇನ್ನೊಂದು ಎಳೆ, ಅದನ್ನು ದಾಟಿದರೆ ಅತ್ಯಂತ ಭಾರೀ. ಆ ಎರಡು ಗೆರೆಯಿಂದ ಗ್ರಾಫಿಗೆ ಬಾಯಿ ಬರುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ. ಅಳೆದು ಮಳೆ ಇಲ್ಲದಿದ್ದರೆ ಸೊನ್ನೆ. ಮದುವೆಗೆ ಹೋಗಿ ಅಳೆಯದೇ ಬಿಟ್ಟದ್ದು ಖಾಲಿ. ಖಾಲಿಗೆ ಸೊನ್ನೆ ತುಂಬುವುದು ನಿನ್ನ ಕೆಟ್ಟ ಚಾಳಿ. ಧಾರಣೆಯಲ್ಲಿ ಅದನ್ನೇ ಮಾಡಿದರೆ ಭಾನುವಾರ ಅಡಿಕೆಗೆ ಬೆಲೆಯೇ ಇಲ್ಲ ಎಂದಾಗುತ್ತದೆ! ಖಾಲಿಯನ್ನು ಖಾಲಿಯಾಗಿ ಬಿಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಅಲ್ಲಿ ಗೆರೆ ತುಂಡರಿಸಿ ತೋರಿಸುತ್ತದೆ. ತುಂಡು ಗೆರೆ ನೋಡಿ ನಾಚಬೇಡ, ಅದು ಪ್ರಾಮಾಣಿಕ ಗೆರೆ.

ಧಾರಣೆಯ ಅಕ್ಷದ ಮೇಲೂ ಕಣ್ಣಿರಲಿ. ಕಿಲೋಗೆ 450 ಇದ್ದದ್ದು 445 ಆಯಿತು ಎಂದಿಟ್ಟುಕೋ. ನೂರಕ್ಕೆ ಒಂದು ಚಿಲ್ಲರೆ ಇಳಿತ, ಅಷ್ಟೇ. ಅಕ್ಷವನ್ನು ಲೈಬ್ರರಿಯ ಇಷ್ಟಕ್ಕೆ ಬಿಟ್ಟರೆ ಅದು 445–450ರ ಆಸುಪಾಸನ್ನೇ ಗ್ರಾಫ್ ತುಂಬ ಹಿಗ್ಗಿಸುತ್ತದೆ, ಗೆರೆ ಚಾರ್ಮಾಡಿ ಘಾಟಿ ಇಳಿಯುತ್ತದೆ. ಅದನ್ನು ನೋಡಿ ಯಾರಾದರೂ ಹೆದರಿ ಅಂಗಳದ ಅಡಿಕೆಯನ್ನೆಲ್ಲ ಮಾರಿದರೆ ಪಾಪ ಯಾರಿಗೆ? ಅಕ್ಷದ ಮಿತಿಯನ್ನು ನೀನೇ ನಿಲ್ಲಿಸು. ಕಳೆದ ವರ್ಷದ ಗೆರೆಯನ್ನು ಪಕ್ಕದಲ್ಲಿ ಮಸುಕಾಗಿ ಇಡು. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು, ಅಡಿಕೆಯ ಒಂದೊಂದು ಬಗೆಗೂ ಧಾರಣೆ ಬೇರೆ. ಸರಾಸರಿ ತೆಗೆದು ಒಂದೇ ಗೆರೆ ಎಳೆಯುವ ಜಾಣತನ ಬೇಡ, ಸರಾಸರಿ ಅಡಿಕೆ ಎಂಬುದು ಯಾರ ತೋಟದಲ್ಲೂ ಬೆಳೆಯುವುದಿಲ್ಲ. ನಮ್ಮಲ್ಲಿ ಮಾತು ಕಿಲೋ ಲೆಕ್ಕದಲ್ಲಿ, ಶಿವಮೊಗ್ಗ, ಶಿರಸಿಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ. ಅದರ ಮೇಲೆ ಅಲ್ಲಿಯದು ಹೆಚ್ಚಾಗಿ ಬೇಯಿಸಿದ ಕೆಂಪಡಿಕೆ, ನಮ್ಮದು ಒಣಗಿಸಿದ ಚಾಲಿ. ಒಂದೇ ಗ್ರಾಫಿನಲ್ಲಿ ಹಾಕುವ ಮೊದಲು ಎರಡು ಸಲ ಯೋಚಿಸು.

ಇನ್ನೊಂದು ಹೊಂಡ ನಮ್ಮ ಊರಿನದ್ದೇ. ಕಡಬ ತಾಲೂಕಾದದ್ದು ಮೊನ್ನೆ ಮೊನ್ನೆ, 2018ರ ಆಸುಪಾಸಿನಲ್ಲಿ. ಅದರ ಗ್ರಾಮಗಳು ಮೊದಲು ಪುತ್ತೂರು, ಸುಳ್ಯ ತಾಲೂಕುಗಳಲ್ಲಿದ್ದವು. ಸುಬ್ರಹ್ಮಣ್ಯವೂ ಈಗ ಕಡಬಕ್ಕೆ ಸೇರಿದ್ದು. ತಾಲೂಕುವಾರು ಅಂಕಿಯನ್ನು ಕಣ್ಣು ಮುಚ್ಚಿ ಗ್ರಾಫಿಗೆ ಸುರಿದರೆ ಪುತ್ತೂರಿನ ತೋಟವೆಲ್ಲ ಒಂದೇ ವರ್ಷದಲ್ಲಿ ಒಣಗಿಹೋದ ಹಾಗೆ ಗೆರೆ ಕುಸಿಯುತ್ತದೆ. ತೋಟ ಅಲ್ಲೇ ಉಂಟು, ಬದಲಾದದ್ದು ಗಡಿ. ಆ ವರ್ಷಕ್ಕೊಂದು ಗುರುತು ಹಾಕಿ ಕೆಳಗೆ ಎರಡು ಸಾಲು ಬರೆ.

ಬರೆಯುವುದು ಎಂದ ಮೇಲೆ ಕನ್ನಡದ ಮಾತು. ಗ್ರಾಫಿನ ತಲೆಬರಹವನ್ನು ಕನ್ನಡದಲ್ಲಿ ಕೊಡು, ಇಂಗ್ಲಿಷಿನಲ್ಲಿ ಬರೆದರೆ ಯಾರಿಗೂ ದೊಡ್ಡಸ್ತಿಕೆ ಇಲ್ಲ. ಆದರೆ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಬರೇ ಚೌಕ ಬೀಳುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಕೊಟ್ಟರೆ ಅಕ್ಷರ ಬರುತ್ತದೆ, ಒತ್ತು ಕೂರುವುದಿಲ್ಲ. ಒತ್ತಕ್ಷರ ಜೋಡಿಸುವ ವಿದ್ಯೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಬಹುಕಾಲ ಇರಲಿಲ್ಲ, ನಿನ್ನ ಕಂಪ್ಯೂಟರಿನಲ್ಲಿರುವುದು ಅಂಥ ಹಳೆಯದೇ ಇರಬಹುದು. ಪುತ್ತೂರಿನ ಒತ್ತು ಕಳಚುತ್ತದೆ, ಸುಳ್ಯದ ಒತ್ತು ಕಳಚುತ್ತದೆ. ಮೂರರಲ್ಲಿ ಪಾರಾಗುವುದು ಕಡಬ ಒಂದೇ! ಕಡಬದವರು ಬೀಗುವುದು ಬೇಡ, ಸುಬ್ರಹ್ಮಣ್ಯ ಎಂದು ಬರೆಸಿ ನೋಡಿ. ಇದಕ್ಕೆ ಸುಲಭದ ದಾರಿ, ಗ್ರಾಫಿನೊಳಗೆ ಅಂಕಿ ಮಾತ್ರ ಇರಲಿ. ತಲೆಬರಹ, ವಿವರಣೆ ಎಲ್ಲ ಕ್ಯೂಟಿಯ ಲೇಬಲ್‌ಗಳಲ್ಲಿ ಗ್ರಾಫಿನ ಮೇಲೂ ಪಕ್ಕದಲ್ಲೂ ಇರಲಿ. ಕ್ಯೂಟಿಗೆ ಒತ್ತಕ್ಷರ ಬರುತ್ತದೆ. ಹಳೆಯ ಪಟ್ಟಿಗಳು ನುಡಿಯ ಹಳೇ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೋ.

ಕೆಲಸ ಮುಗಿಯಿತು ಎನಿಸಿದಾಗ ಮನೆಯ ಹಿರಿಯರೊಬ್ಬರನ್ನು ಎದುರು ಕೂರಿಸು. ನೀನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರು. ಇದು ನಿನಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ಗೊತ್ತುಂಟು. ಅವರು ಅಕ್ಷರ ಕಾಣದೆ ಕನ್ನಡಕ ಸರಿ ಮಾಡಿದರೆ ಅಕ್ಷರ ದೊಡ್ಡದು ಮಾಡು. ಕೆಂಪು ಯಾವುದು ಹಸಿರು ಯಾವುದು ಎಂದು ತಡವರಿಸಿದರೆ ಬಣ್ಣ ಬದಲಿಸು. ಆ ಎರಡನ್ನು ಬೇರೆ ಮಾಡಲಾಗದ ಗಂಡಸರು ಎಲ್ಲ ಊರಲ್ಲೂ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಭೂತಗನ್ನಡಿಯ ಚಿತ್ರ ಒತ್ತಿ ಹಿಗ್ಗಿಸಿಕೊಂಡು, ವಾಪಸ್ ಬರುವ ದಾರಿ ತಿಳಿಯದೆ ಕೂತರೆ ಆ ಟೂಲ್‌ಬಾರ್ ತೆಗೆದು 'ಈ ವರ್ಷ', 'ಕಳೆದ ವರ್ಷ' ಎಂದು ಎರಡು ದೊಡ್ಡ ಬಟನ್ ಇಡು. ಅವರು ತಪ್ಪು ಒತ್ತಿದರೆ ತಪ್ಪು ನಿನ್ನದು.

ಯಾವ ಕಂಪ್ಯೂಟರಿನಲ್ಲಿ ಓಡಬೇಕು ಎಂದೂ ಮೊದಲೇ ಕೇಳಿಕೋ. ವಿಂಡೋಸ್ 7ರ ಹಳೇ ಪೆಟ್ಟಿಗೆ ಇನ್ನೂ ಎಷ್ಟೋ ಮೇಜಿನ ಮೇಲಿದೆ. ಪೈಥಾನ್ 3.9ರಿಂದ ಈಚಿನದ್ದು ಅದರಲ್ಲಿ ಓಡುವುದಿಲ್ಲ, 3.8ಕ್ಕೇ ನಿಲ್ಲಬೇಕು. ಕ್ಯೂಟಿ ಬಳಸಿ ಮಾರುವ ಯೋಚನೆ ಇದ್ದರೆ ಲೈಸೆನ್ಸ್ ಓದು. ಪೈಕ್ಯೂಟಿಯ ಷರತ್ತು ಬಿಗಿ, ಪೈಸೈಡ್‌ನದ್ದು ಸಡಿಲ.

ಕೊನೆಗೊಂದು ಮಾತು, ಮುಖಕ್ಕೆ ಹೇಳಿದರೆ ಬೇಸರಿಸಬೇಡ. ನೀನು ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿನ ಬಸ್ಸು ಹತ್ತುವ ಪೈಕಿ. ಹೋಗು, ದುಡಿ, ದೊಡ್ಡ ಜನವಾಗು. ಆದರೆ ನೀನು ಮಾಡಿದ ಪ್ರೋಗ್ರಾಮ್ ಇಲ್ಲೇ ಉಳಿಯುತ್ತದೆ, ಮುಂದಿನ ಮಳೆಗಾಲಕ್ಕೆ ಅದನ್ನು ನಂಬಿ ಮದ್ದು ಬಿಡುವವರೂ ಇಲ್ಲೇ ಇರುತ್ತಾರೆ. ಯಾವ ಲೈಬ್ರರಿಯ ಯಾವ ಆವೃತ್ತಿ ಬಳಸಿದ್ದೀಯ, ಅಂಕಿಯ ಫೈಲ್ ಎಲ್ಲಿದೆ, ಹೊಸ ವರ್ಷ ಸೇರಿಸುವುದು ಹೇಗೆ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡು. ಒಬ್ಬ ಜೂನಿಯರನ್ನು ಹಿಡಿದು ಅವನ ಕೈಯಿಂದಲೇ ಒಮ್ಮೆ ಎಲ್ಲ ಮಾಡಿಸು. ಅವನು ನಿನ್ನನ್ನು ಕೇಳದೆ ಒಂದು ಕಂಬದ ಬಣ್ಣ ಬದಲಿಸಿದ ದಿನ ಬಸ್ಸಿಗೆ ಟಿಕೆಟ್ ಮಾಡು.